ಕಾರು ಕೊಡುವುದೋ, ಕಾರು ಮಾರಿದ ಹಣ ಕೊಡುವುದೋ

ಫೆಬ್ರುವರಿ ಮುಗಿಯುತ್ತ ಬಂದಂತೆ ಮೈಸೂರು, ಮಂಡ್ಯದ ಪರಿಚಿತರಿಂದ ನನಗೆ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ಮನೆಗೆ ಹೊಸ ಕಾರು ಬಂದಿದೆ, ಹಳೆಯದು ಗೇಟಿನ ಪಕ್ಕದಲ್ಲಿ ಹೊದಿಕೆಯಡಿ ನಿಂತಿದೆ, ಅದನ್ನು ಯಾವುದಾದರೂ ವೃದ್ಧಾಶ್ರಮಕ್ಕೋ ಅನಾಥಾಲಯಕ್ಕೋ ಮಾರ್ಚ್ 31ರೊಳಗೆ ಕೊಟ್ಟುಬಿಟ್ಟರೆ, ದಾನವನ್ನು ಆದಾಯದಿಂದ ಕಳೆದುಕೊಳ್ಳಲು ಅವಕಾಶ ಕೊಡುವ 80ಜಿ ಸೆಕ್ಷನ್ ಅಡಿಯಲ್ಲಿ ತೆರಿಗೆ ಕಡಿಮೆಯಾಗುತ್ತದಲ್ಲವೇ ಎಂಬುದು ಆ ಪ್ರಶ್ನೆ. ಹಲವು ವರ್ಷಗಳಿಂದ ಇತರರ ರಿಟರ್ನ್ಸ್ ತುಂಬಿಕೊಡುವ ಕೆಲಸ ಮಾಡಿಕೊಂಡು ಬಂದಿರುವ ನಾನು ಇದಕ್ಕೆ ಕೊಡುವ ಉತ್ತರ ಕೇಳುವವರಿಗೆ ನಿರಾಸೆ ಉಂಟುಮಾಡುತ್ತದೆ: ಕಾರನ್ನು ಕಾರಾಗಿಯೇ ಕೊಟ್ಟರೆ ನಮ್ಮ ದೇಶದಲ್ಲಿ ಒಂದು ರೂಪಾಯಿಯ ಕಡಿತವೂ ಸಿಗುವುದಿಲ್ಲ. ಆದರೆ ಮಾತು ಅಲ್ಲಿಗೇ ನಿಲ್ಲಬಾರದು ಎಂದು ನನಗೆ ಅನ್ನಿಸುತ್ತದೆ. ಕೊಡಬೇಕೆಂಬ ಮನಸ್ಸು ಹುಟ್ಟಿರುವಾಗ ಅದು ಒಂದು ಸೆಕ್ಷನ್ನಿನ ಎದುರು ಆರಿಹೋಗುವುದು ಸರಿಯಲ್ಲ. ಕೊಡುವ ದಾರಿಗಳು ಎರಡಿವೆ, ಎರಡೂ ಒಳ್ಳೆಯವೇ, ಆದರೆ ಯಾರಿಗೆ ಯಾವುದು ತಕ್ಕದ್ದು ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಕಾನೂನಿನಿಂದಲೇ ಆರಂಭಿಸುತ್ತೇನೆ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಸೆಕ್ಷನ್ನಿಗೆ ಸೇರಿಸಿರುವ ಐದನೆಯ ವಿವರಣೆ, ದಾನವು ಹಣದ ಮೊತ್ತವಾಗಿರದ ಹೊರತು ಯಾವ ಕಡಿತವೂ ಇಲ್ಲ ಎಂದು ನೇರವಾಗಿ ಹೇಳುತ್ತದೆ. ಅಕ್ಕಿಮೂಟೆ, ಕಂಬಳಿ, ಪುಸ್ತಕ, ಕಂಪ್ಯೂಟರ್, ಕಾರು, ಇವುಗಳ ಬೆಲೆ ಎಷ್ಟೇ ಇರಲಿ, ಪಡೆದ ಸಂಸ್ಥೆ ಎಷ್ಟೇ ದೊಡ್ಡದಿರಲಿ, 80ಜಿ ಲೆಕ್ಕದಲ್ಲಿ ಅವು ಶೂನ್ಯ. ಷೇರುಗಳನ್ನು ದಾನವಾಗಿ ಕೊಟ್ಟಿದ್ದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಕಡಿತ ಹಣದ ದಾನಕ್ಕೆ ಮಾತ್ರ ಎಂಬ ಅರ್ಥವನ್ನೇ ಎತ್ತಿಹಿಡಿದಿದೆ. ಪೇಟೆಯಲ್ಲಿ ಅದೇ ದಿನ ಮಾರಿ ನಗದು ಮಾಡಿಕೊಳ್ಳಬಹುದಾದ ಷೇರಿಗೇ ಇಲ್ಲದ ಕಡಿತ, ಬೆಲೆ ಕಟ್ಟುವುದೇ ಕಷ್ಟವಾದ ಹಳೆಯ ಕಾರಿಗೆ ಸಿಗುವ ಮಾತೇ ಇಲ್ಲ.

ಹಾಗಾದರೆ ಇಷ್ಟೊಂದು ಜನರಿಗೆ ಈ ನಂಬಿಕೆ ಬಂದದ್ದು ಎಲ್ಲಿಂದ? ಬಹುಮಟ್ಟಿಗೆ ಅಮೆರಿಕದಿಂದ ಎಂದು ನನ್ನ ಅನುಭವ. ಕುವೆಂಪುನಗರ, ವಿಜಯನಗರದ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ. ಅಲ್ಲಿನ ತೆರಿಗೆ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಆ ತಿಂಗಳಿಡೀ ‘ನಿಮ್ಮ ಹಳೆಯ ಕಾರನ್ನು ದಾನ ಮಾಡಿ, ತೆರಿಗೆ ಉಳಿಸಿ’ ಎಂಬ ಜಾಹೀರಾತುಗಳು ಅವರ ಕಿವಿಗೆ ಬೀಳುತ್ತಿರುತ್ತವೆ. ಟೆಕ್ಸಾಸ್‌ನಲ್ಲಿರುವ ನನ್ನ ಅಕ್ಕನ ಮಗಳು ತನ್ನ ಹಳೆಯ ಕಾರನ್ನು ಹೀಗೆ ಕೊಟ್ಟಾಗ ಫೋನಿನಲ್ಲಿ, “ಮಾವ, ಅವರೇ ಬಂದು ಗಾಡಿ ಎಳೆದುಕೊಂಡು ಹೋದರು, ನಾನು ಒಂದು ಸಹಿ ಹಾಕಿದೆ ಅಷ್ಟೆ. ಅಮ್ಮನ ಕಾರನ್ನೂ ಮೈಸೂರಿನಲ್ಲಿ ಹೀಗೇ ಕೊಡಿಸಿಬಿಡಿ” ಎಂದಳು. ಅವಳ ಮಾತಿನ ಹಿಂದಿದ್ದ ಸದ್ಭಾವನೆ ನನಗೆ ಹಿಡಿಸಿತು. ಆದರೆ ಅಲ್ಲಿಯೂ ಲೆಕ್ಕ ಅವಳು ಅಂದುಕೊಂಡಷ್ಟು ಸರಳವಾಗಿಲ್ಲ.

ಅಮೆರಿಕದಲ್ಲಿ ಒಂದು ಕಾಲಕ್ಕೆ ದಾನಿಯು ತನ್ನ ಕಾರಿಗೆ ಪೇಟೆಯಲ್ಲಿ ಬರಬಹುದಾದ ಬೆಲೆಯನ್ನು ತಾನೇ ಅಂದಾಜು ಮಾಡಿ ಆ ಮೊತ್ತವನ್ನು ಆದಾಯದಿಂದ ಕಳೆದುಕೊಳ್ಳಬಹುದಿತ್ತು. ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2003ರಲ್ಲಿ ಇಂಥ 54 ಕಾರುಗಳ ಜಾಡು ಹಿಡಿದು ನೋಡಿದಾಗ, ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ದಾನಿ ಹೇಳಿಕೊಂಡ ಬೆಲೆಯ ಶೇ. 5ರಷ್ಟು ಅಥವಾ ಅದಕ್ಕಿಂತ ಕಡಿಮೆ ಹಣ ಮಾತ್ರ ಸಂಸ್ಥೆಯ ಕೈ ಸೇರಿತ್ತು. ಉಳಿದದ್ದರಲ್ಲಿ ಒಂದಿಷ್ಟು ಹರಾಜಿನ ಖರ್ಚಿಗೆ, ಎಳೆದೊಯ್ಯುವ ಖರ್ಚಿಗೆ, ಮಧ್ಯವರ್ತಿಗೆ ಹೋಗಿತ್ತು. ಒಂದಿಷ್ಟು ಮೊದಲಿನಿಂದಲೂ ಇರಲೇ ಇಲ್ಲ, ಕಾಗದದ ಮೇಲೆ ಉಬ್ಬಿಸಿದ ಬೆಲೆಯಾಗಿತ್ತು. 2004ರಲ್ಲಿ ಬಂದ ಕಾಯ್ದೆಯೊಂದು ಇದನ್ನು ಬದಲಾಯಿಸಿತು. 2005ರಿಂದ, ಕಾರಿಗೆ 500 ಡಾಲರ್‌ಗಿಂತ ಹೆಚ್ಚು ಕಡಿತ ಕೇಳುವವರಿಗೆ ಸಂಸ್ಥೆಯು ಆ ಕಾರನ್ನು ಎಷ್ಟಕ್ಕೆ ಮಾರಿತೋ ಅಷ್ಟೇ ಕಡಿತ. ಮಾರಾಟವಾದ 30 ದಿನಗಳೊಳಗೆ ಸಂಸ್ಥೆಯು 1098-ಸಿ ಎಂಬ ಫಾರ್ಮ್‌ನಲ್ಲಿ ಆ ಮೊತ್ತವನ್ನು ಬರೆದು ಕೊಡಬೇಕು. ನನ್ನ ಅಕ್ಕನ ಮಗಳ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅಲ್ಲಿ ಖರ್ಚು, ದಾನಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ತೋರಿಸುವವರಿಗೆ ಮಾತ್ರ ಕಾರಿನ ಕಡಿತ ದೊರೆಯುತ್ತದೆ. ಸರ್ಕಾರ ಎಲ್ಲರಿಗೂ ಕೊಡುವ ನಿಗದಿತ ಕಡಿತ 2025ನೇ ವರ್ಷಕ್ಕೆ ದಂಪತಿಗಳಿಗೆ 31,500 ಡಾಲರ್ ಇರುವುದರಿಂದ ಹೆಚ್ಚಿನವರು ಅದನ್ನೇ ತೆಗೆದುಕೊಳ್ಳುತ್ತಾರೆ, ಹಾಗೆ ತೆಗೆದುಕೊಂಡವರಿಗೆ ಕಾರು ಕೊಟ್ಟದ್ದರಿಂದ ತೆರಿಗೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಅವಳೂ ಅದನ್ನೇ ತೆಗೆದುಕೊಂಡಿದ್ದಳು.

ಆ ಕಾಯ್ದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಭಾಗವೆಂದರೆ ಅದರ ವಿನಾಯಿತಿ. ಸಂಸ್ಥೆಯು ಕಾರನ್ನು ಮಾರದೆ ತನ್ನ ಸೇವೆಗೇ ಗಣನೀಯವಾಗಿ ಬಳಸಿದರೆ, ಉದಾಹರಣೆಗೆ ವರ್ಷವಿಡೀ ದಿನವೂ ಅಗತ್ಯವುಳ್ಳವರ ಮನೆಗೆ ಊಟ ತಲುಪಿಸಲು ಓಡಿಸಿದರೆ, ಅಥವಾ ಬಡವರೊಬ್ಬರಿಗೆ ಪೇಟೆ ಬೆಲೆಗಿಂತ ಬಹಳ ಕಡಿಮೆಗೆ ಕೊಟ್ಟರೆ, ಅಥವಾ ದೊಡ್ಡ ರಿಪೇರಿ ಮಾಡಿಸಿ ಅದರ ಬೆಲೆಯನ್ನು ನಿಜವಾಗಿ ಹೆಚ್ಚಿಸಿದರೆ, ದಾನಿಗೆ ಪೇಟೆ ಬೆಲೆಯ ಕಡಿತ ದೊರೆಯುತ್ತದೆ. ತೊಳೆದು ಬಣ್ಣ ಹೊಡೆಸಿದ್ದು ಈ ರಿಪೇರಿಯ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಆ ಕಾನೂನು ಕೇಳುವುದು ಒಂದೇ ಪ್ರಶ್ನೆ: ಸಂಸ್ಥೆಗೆ ಕೈಗೆ ಬಂದದ್ದೇನು? ಹಣ ಬಂದಿದ್ದರೆ ಹಣದ ಲೆಕ್ಕ, ಸೇವೆ ನಡೆದಿದ್ದರೆ ಸೇವೆಯ ಲೆಕ್ಕ. ನಮ್ಮ ಕಾನೂನು ಮೊದಲನೆಯದನ್ನು ಮಾತ್ರ ಒಪ್ಪಿ ಎರಡನೆಯದಕ್ಕೆ ಬಾಗಿಲು ಮುಚ್ಚಿದೆ. ಬೆಲೆ ಉಬ್ಬಿಸುವ ಕೆಲಸಕ್ಕೆ ಅವಕಾಶ ಕೊಡಬಾರದೆಂಬ ಎಚ್ಚರ ನನಗೆ ಅರ್ಥವಾಗುತ್ತದೆ. ಆದರೂ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಂದ ಗರ್ಭಿಣಿಯರನ್ನು ಆಸ್ಪತ್ರೆಗೆ ಕರೆತರಲು ಎರಡು ವರ್ಷ ಸತತವಾಗಿ ಓಡಿದ ವಾಹನವೊಂದನ್ನು ಕೊಟ್ಟವರಿಗೆ, ಓಡಿದ ದಾಖಲೆಯ ಆಧಾರದ ಮೇಲೆ, ಒಂದು ಮಿತಿಯೊಳಗೆ ಕಡಿತ ಕೊಡುವ ದಾರಿಯನ್ನು ನಮ್ಮವರೂ ಯೋಚಿಸಬಹುದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗಿರುವ ಕಾನೂನಿನಲ್ಲಿ ಕಡಿತ ಬೇಕೆನ್ನುವವರಿಗೆ ದಾರಿ ಸ್ಪಷ್ಟವಾಗಿದೆ. ಕಾರನ್ನು ಮಾರಬೇಕು, ಬಂದ ಹಣವನ್ನು ಸಂಸ್ಥೆಗೆ ಕೊಡಬೇಕು. ಮಾರಿದರೆ ಅದಕ್ಕೂ ತೆರಿಗೆ ಕಟ್ಟಬೇಕಾಗುತ್ತದೆಯೋ ಎಂಬ ಭಯ ಕೆಲವರಿಗೆ ಇರುತ್ತದೆ. ಮನೆಯ ಬಳಕೆಯ ಕಾರು ಸ್ವಂತ ಬಳಕೆಯ ಚರ ವಸ್ತುವಾದ್ದರಿಂದ ಅದು ಬಂಡವಾಳ ಆಸ್ತಿಯ ವ್ಯಾಖ್ಯೆಯೊಳಗೇ ಬರುವುದಿಲ್ಲ. ಲಾಭಕ್ಕೆ ತೆರಿಗೆಯಿಲ್ಲ, ನಷ್ಟವನ್ನು ಎಲ್ಲಿಯೂ ತೋರಿಸುವಂತೆಯೂ ಇಲ್ಲ. ವ್ಯಾಪಾರದ ಅಥವಾ ವೃತ್ತಿಯ ಲೆಕ್ಕಪುಸ್ತಕದಲ್ಲಿ ಸವಕಳಿ ತೋರಿಸಿಕೊಂಡು ಬಂದಿರುವ ಕಾರಿನ ಕಥೆ ಬೇರೆ, ಅಂಥವರು ತಮ್ಮ ಆಡಿಟರನ್ನು ಕೇಳಿಯೇ ಮುಂದುವರಿಯಬೇಕು.

ಮೈಸೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯನ ಮಗನಿಗೆ ನಾನು ಹಾಕಿಕೊಟ್ಟ ಲೆಕ್ಕವನ್ನು, ಅಂಕಿಗಳನ್ನು ಸ್ವಲ್ಪ ದುಂಡು ಮಾಡಿ, ಇಲ್ಲಿ ಹೇಳುತ್ತೇನೆ. ಅವನದು ಹಳೆಯ ತೆರಿಗೆ ಪದ್ಧತಿ. ಮನೆ ಸಾಲದ ಬಡ್ಡಿ, ಬಾಡಿಗೆ ಭತ್ಯೆ ಮತ್ತು ಇತರ ಕಡಿತಗಳೆಲ್ಲ ಕಳೆದ ಮೇಲೆ ಉಳಿಯುವ ಆದಾಯ 15 ಲಕ್ಷ ರೂಪಾಯಿ, ಕಾರು ಮಾರಿದರೆ ಬರುವುದು 2 ಲಕ್ಷ. ನಮ್ಮ ಸುತ್ತಮುತ್ತಲಿನ ಬಹುತೇಕ ಟ್ರಸ್ಟುಗಳಿಗೆ ಕೊಟ್ಟ ಹಣದಲ್ಲಿ ಅರ್ಧಕ್ಕೆ ಮಾತ್ರ ಕಡಿತ ಸಿಗುತ್ತದೆ, ಅದೂ ಆದಾಯದ ಶೇ. 10ರ ಮಿತಿಗೆ ಒಳಪಟ್ಟು. ಹಾಗಾಗಿ 2 ಲಕ್ಷವನ್ನು ಒಂದೇ ವರ್ಷದಲ್ಲಿ ಕೊಟ್ಟರೆ ಲೆಕ್ಕಕ್ಕೆ ಬರುವುದು 1,50,000, ಅದರ ಅರ್ಧ 75,000, ಸೆಸ್ ಸೇರಿ ಶೇ. 31.2ರ ದರದಲ್ಲಿ ಉಳಿತಾಯವಾಗುವ ತೆರಿಗೆ 23,400 ರೂಪಾಯಿ. ಅದೇ ಹಣವನ್ನು ಮಾರ್ಚ್‌ನಲ್ಲಿ 1 ಲಕ್ಷ, ಏಪ್ರಿಲ್‌ನಲ್ಲಿ 1 ಲಕ್ಷ ಎಂದು ಎರಡು ಆರ್ಥಿಕ ವರ್ಷಗಳಿಗೆ ಹಂಚಿಕೊಟ್ಟರೆ, ಮುಂದಿನ ವರ್ಷವೂ ಆದಾಯ ಮತ್ತು ಪದ್ಧತಿ ಹಾಗೆಯೇ ಇದ್ದಲ್ಲಿ, ಪೂರ್ತಿ ಹಣ ಲೆಕ್ಕಕ್ಕೆ ಬಂದು 31,200 ರೂಪಾಯಿ ಉಳಿಯುತ್ತದೆ. ಸಂಸ್ಥೆಗೆ ಸೇರುವ ಮೊತ್ತದಲ್ಲಿ ಏನೂ ವ್ಯತ್ಯಾಸವಿಲ್ಲ, ಒಂದೆರಡು ವಾರ ಕಾಯುವುದಷ್ಟೆ. ಅವನು ಹೀಗೆ ಉಳಿತಾಯವಾದ ತೆರಿಗೆಯ ಹಣವನ್ನೂ ಅದೇ ಸಂಸ್ಥೆಗೆ ಕೊಡುತ್ತೇನೆಂದ. ಹಾಗೆ ಮಾಡಲೇಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ, ಆದರೆ ಕೇಳಿ ಸಂತೋಷವಾಯಿತು. ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿಗಳ ಪರಿಹಾರ ನಿಧಿಯಂಥವುಗಳಿಗೆ ಕೊಟ್ಟರೆ ಈ ಮಿತಿಯೂ ಇಲ್ಲ, ಅರ್ಧದ ಕಟ್ಟುಪಾಡೂ ಇಲ್ಲ, ಪೂರ್ತಿ ಕಡಿತ ದೊರೆಯುತ್ತದೆ.

ಇಷ್ಟೆಲ್ಲ ಹಳೆಯ ಪದ್ಧತಿಯಲ್ಲಿರುವವರಿಗೆ ಮಾತ್ರ. 2023–24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ 80ಜಿ ಕಡಿತವೇ ಇಲ್ಲ. 2025–26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆ ಬೀಳುವುದಿಲ್ಲವಾದ್ದರಿಂದ, ಪಿಂಚಣಿಯಲ್ಲಿ ಬದುಕುವ ಬಹುಪಾಲು ಹಿರಿಯರಿಗೆ ಉಳಿಸಲು ತೆರಿಗೆಯೇ ಇಲ್ಲ. ದಾನದ ಕಡಿತ ಸಿಗಲೆಂದು ಹಳೆಯ ಪದ್ಧತಿಗೆ ಹಿಂದಿರುಗಿ, ಇಲ್ಲದ ತೆರಿಗೆಯನ್ನು ಮೈಮೇಲೆ ಎಳೆದುಕೊಳ್ಳುವವರನ್ನು ಕಂಡಾಗ ನಾನು ತಡೆಯುತ್ತೇನೆ.

ಹಣ ಕೊಡುವ ಬಗೆಯಲ್ಲಿ ಕೆಲವು ಎಚ್ಚರಗಳು ಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಕಡಿತವಿಲ್ಲ. ಚೆಕ್, ಬ್ಯಾಂಕ್ ವರ್ಗಾವಣೆ, ಯುಪಿಐ ಆಗಬಹುದು. ಸಂಸ್ಥೆಯವರು ‘ನಮಗೆ 12ಎ ಇದೆ’ ಎಂದರೆ ಸಾಲದು. 12ಎ ನೋಂದಣಿಯಿಂದ ಆ ಟ್ರಸ್ಟಿನ ಆದಾಯಕ್ಕೆ ವಿನಾಯಿತಿ ಸಿಗುತ್ತದೆ, ದಾನಿಗೆ ಕಡಿತ ಸಿಗಬೇಕಾದರೆ 80ಜಿ ಅನುಮೋದನೆಯೇ ಬೇಕು, ಅದರ ಅವಧಿ ಮುಗಿದಿರಬಾರದು. ಸಂಸ್ಥೆಯು ವರ್ಷದ ದಾನಗಳ ವಿವರವನ್ನು 10ಬಿಡಿ ಎಂಬ ಫಾರ್ಮ್‌ನಲ್ಲಿ ಇಲಾಖೆಗೆ ಸಲ್ಲಿಸುತ್ತದೆ. ಅದರಲ್ಲಿ ದಾನಿಯ ಪ್ಯಾನ್ ಸಂಖ್ಯೆ, ಮೊತ್ತ ಮಾತ್ರವಲ್ಲದೆ, ದಾನ ಯಾವ ರೂಪದಲ್ಲಿ ಬಂತು, ನಗದೋ, ವಸ್ತುವೋ, ಬ್ಯಾಂಕ್ ಮೂಲಕವೋ ಎಂಬುದನ್ನೂ ನಮೂದಿಸಬೇಕು. ಕಾರು ಕೊಟ್ಟು, ಅದರ ಬೆಲೆಯನ್ನು ಹಣವೆಂದು ಬರೆಸಿಕೊಂಡ ರಸೀದಿ ತಂದು ನನ್ನ ಮುಂದಿಟ್ಟವರುಂಟು. ಅದು ಸುಳ್ಳು ದಾಖಲೆ, ಕೊಟ್ಟವರನ್ನೂ ಪಡೆದವರನ್ನೂ ಒಟ್ಟಿಗೇ ತೊಂದರೆಗೆ ಸಿಕ್ಕಿಸುತ್ತದೆ, ಅಂಥ ರಿಟರ್ನ್ಸ್ ನಾನು ತುಂಬುವುದಿಲ್ಲ. ಕಾರನ್ನು ಟ್ರಸ್ಟಿಗೇ ಮಾರಿ, ಅವರು ಕೊಟ್ಟ ಚೆಕ್ಕಿನ ಹಣವನ್ನೇ ಅವರಿಗೆ ದಾನವಾಗಿ ತಿರುಗಿಸುವ ಉಪಾಯವನ್ನೂ ಕೆಲವರು ಮುಂದಿಡುತ್ತಾರೆ. ವಸ್ತುದಾನವನ್ನೇ ಸುತ್ತು ದಾರಿಯಲ್ಲಿ ಹಣವಾಗಿ ತೋರಿಸುವ ಆ ಕ್ರಮ ನನಗೆ ಒಪ್ಪಿಗೆಯಿಲ್ಲ.

ಈಗ ಎರಡನೆಯ ದಾರಿ, ಅಂದರೆ ಕಾರನ್ನೇ ಕೊಡುವುದು. ನನಗೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ, ಈಗ ಮಂಡ್ಯದಲ್ಲಿ ನೆಲೆಸಿರುವ ಮೇಷ್ಟ್ರೊಬ್ಬರು ಕಣ್ಣಿನ ದೃಷ್ಟಿ ಮಂದವಾದ ಮೇಲೆ ಗಾಡಿ ಓಡಿಸುವುದನ್ನು ಬಿಟ್ಟಿದ್ದರು. ಅವರ ಕಾರನ್ನು ಮಳವಳ್ಳಿ ಕಡೆಯ ಒಂದು ಚಿಕ್ಕ ವೃದ್ಧಾಶ್ರಮ ಕೇಳಿತ್ತು. 80ಜಿ ಸಿಗುವುದಿಲ್ಲ ಮೇಷ್ಟ್ರೇ ಎಂದು ನಾನು ವಿವರಿಸಹೊರಟಾಗ ಅವರು, “ನೋಡಪ್ಪ, ನನಗೆ ಬರೋದು ಪಿಂಚಣಿ, ಅದಕ್ಕೆ ತೆರಿಗೆ ಇಲ್ಲ ಅಂತ ನೀನೇ ಹೇಳಿದ್ದೀಯ. ಗಾಡಿ ನಿಂತು ಹಾಳಾಗಬಾರದು, ನಾಲ್ಕು ಜನಕ್ಕೆ ಉಪಯೋಗಕ್ಕೆ ಬರಬೇಕು, ಅದಕ್ಕೆ ಏನು ಮಾಡಬೇಕು ಹೇಳು” ಎಂದರು. ಪ್ರಶ್ನೆಯನ್ನು ಹೀಗೆ ಕೇಳಿದರೆ ಉತ್ತರ ಸುಲಭವಾಗುತ್ತದೆ. ತೆರಿಗೆಯ ಹಂಗಿಲ್ಲದವರಿಗೆ ಕಾರನ್ನು ಕಾರಾಗಿಯೇ ಕೊಡುವುದರಲ್ಲಿ ಯಾವ ನಷ್ಟವೂ ಇಲ್ಲ. ಎಷ್ಟೋ ಸಲ ಹಳೆಯ ಕಾರಿಗೆ ಬ್ರೋಕರ್ ಹೇಳುವ ಬೆಲೆಗಿಂತ, ವಾರಕ್ಕೆ ಮೂರು ಸಲ ವೃದ್ಧರನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕರೆದೊಯ್ಯಲು ಆಟೋ, ಟ್ಯಾಕ್ಸಿಗೆ ಖರ್ಚು ಮಾಡುವ ಸಂಸ್ಥೆಗೆ ಆ ಕಾರಿನ ಬೆಲೆ ಬಹಳ ಹೆಚ್ಚು.

ಆದರೆ ಆ ಸಂಸ್ಥೆಗೆ ಕಾರನ್ನು ಓಡಿಸುವ ಶಕ್ತಿ ಇದೆಯೇ ಎಂದು ಕೇಳಿ ತಿಳಿಯಬೇಕು. ಚಾಲಕ ಯಾರು, ಪೆಟ್ರೋಲಿಗೆ ಹಣ ಎಲ್ಲಿಂದ, ನಿಲ್ಲಿಸುವ ಜಾಗವೆಲ್ಲಿ? 1,000 ಸಿಸಿಯಿಂದ 1,500 ಸಿಸಿಯೊಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ವಿಮೆಯ ಕಂತೇ ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಬೇರೆ. ಟೈರ್, ಬ್ಯಾಟರಿ, ಸರ್ವೀಸ್ ಎಂದು ಸೇರಿಸುತ್ತ ಹೋದರೆ ಕೇವಲ ಹತ್ತು ಹದಿನೈದು ಜನರಿರುವ ಆಶ್ರಮಕ್ಕೆ ಅದು ಹೊರೆಯಾಗಬಹುದು. ಬೇಡವೆನ್ನಲು ಸಂಕೋಚಪಟ್ಟು ತೆಗೆದುಕೊಂಡು, ಆರು ತಿಂಗಳಲ್ಲಿ ಅಂಗಳದ ಮೂಲೆಗೆ ತಳ್ಳಿದ ವಾಹನಗಳನ್ನು ನಾನು ಕಂಡಿದ್ದೇನೆ. ಮೇಷ್ಟ್ರು ಎರಡು ಹೊಸ ಟೈರ್ ಹಾಕಿಸಿ, ಒಂದು ವರ್ಷದ ವಿಮೆ ಕಟ್ಟಿ ಕೊಟ್ಟರು. ಕಾರು ಕೊಡುವವರೆಲ್ಲರೂ ಇದನ್ನು ಅನುಸರಿಸಬಹುದು ಎಂದು ನಾನು ಮನಸಾರೆ ಹೇಳುತ್ತೇನೆ. ವೈಟ್ ಬೋರ್ಡ್ ಕಾರಿನಲ್ಲಿ ಸಂಸ್ಥೆಯು ತನ್ನವರನ್ನು ಉಚಿತವಾಗಿ ಕರೆದೊಯ್ಯಬಹುದೇ ಹೊರತು ಬಾಡಿಗೆ ಪಡೆಯುವಂತಿಲ್ಲ. ಪಡೆದರೆ ಪರ್ಮಿಟ್ಟಿನ ಪ್ರಶ್ನೆ ಏಳುತ್ತದೆ, ಅಪಘಾತವಾದಾಗ ವಿಮಾ ಕಂಪನಿಯೊಂದಿಗೆ ತಕರಾರು ಹುಟ್ಟುತ್ತದೆ. ಇದನ್ನೂ ಅವರಿಗೆ ತಿಳಿಸಿ ಹೇಳಬೇಕು.

ಇನ್ನು ಆರ್‌ಸಿ ವರ್ಗಾವಣೆ. ಈ ಬರಹದಲ್ಲಿ ಒಂದೇ ವಿಷಯವನ್ನು ನೆನಪಿಟ್ಟುಕೊಳ್ಳಬೇಕಾದರೆ ಇದನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಕೀ ಕೊಟ್ಟು, ಫೋಟೋ ತೆಗೆಸಿಕೊಂಡು, ಸಹಿ ಹಾಕಿದ ಖಾಲಿ ಫಾರ್ಮ್‌ಗಳನ್ನು ಟ್ರಸ್ಟಿನವರ ಕೈಗಿತ್ತು ಬರುವ ರೂಢಿ ನಮ್ಮಲ್ಲಿ ಬಹಳ. ಕಾನೂನಿನ ಕಣ್ಣಿನಲ್ಲಿ ಆಗಲೂ ಆ ಕಾರಿನ ಮಾಲೀಕರು ನೀವೇ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗಿನ ವರ್ಗಾವಣೆಯನ್ನು ಕೊಟ್ಟವರು 14 ದಿನಗಳೊಳಗೆ ತಿಳಿಸಬೇಕು, ಪಡೆದವರು 30 ದಿನಗಳೊಳಗೆ ತಿಳಿಸಬೇಕು. ಅದಕ್ಕೆ ಇರುವುದೇ 29 ಮತ್ತು 30ನೇ ಸಂಖ್ಯೆಯ ಫಾರ್ಮ್‌ಗಳು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್, ಕಾರು ಕೈಯಿಂದ ಕೈಗೆ ಎಷ್ಟು ಸಲ ದಾಟಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ವಿಮೆಯಿಲ್ಲದ ಆ ವಾಹನದಿಂದ ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ತೀರ್ಪು ನೀಡಿತು. ಪುಣ್ಯಕ್ಕೆಂದು ಕಾರು ಕೊಟ್ಟ ಎಪ್ಪತ್ತೈದರ ಹಿರಿಯರೊಬ್ಬರು, ಮುಖವನ್ನೇ ನೋಡದ ಚಾಲಕನಿಂದಾದ ಅಪಘಾತಕ್ಕೆ ಕೋರ್ಟಿಗೆ ಅಲೆಯುವಂತಾಗಬಾರದು.

ಆದ್ದರಿಂದ ಟ್ರಸ್ಟು ಕಾರನ್ನು ಸ್ವೀಕರಿಸುವುದಾಗಿ ನಿರ್ಣಯ ಮಾಡಿ, ಸಹಿ ಹಾಕುವ ಅಧಿಕಾರ ಯಾರಿಗೆಂದು ಬರೆದಿರುವ ಪತ್ರವನ್ನು ಮೊದಲು ಪಡೆಯಿರಿ. ನೀವು ಉಚಿತವಾಗಿ, ಇಂಥ ದಿನ, ಇಷ್ಟು ಗಂಟೆಗೆ ಕಾರನ್ನು ಒಪ್ಪಿಸಿದ್ದೀರಿ ಎಂಬ ದಾನಪತ್ರಕ್ಕೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮೈಸೂರಿನ ಕೆಎ-09, ಕೆಎ-55 ಆಗಲಿ, ಮಂಡ್ಯದ ಕೆಎ-11 ಆಗಲಿ, ಸಂಬಂಧಪಟ್ಟ ಆರ್‌ಟಿಒ ಕಚೇರಿಯ ದಾಖಲೆಯಲ್ಲಿ ಟ್ರಸ್ಟಿನ ಹೆಸರು ಬಂದಿದೆಯೇ ಎಂದು ಪರಿವಾಹನ್ ಪೋರ್ಟಲಿನಲ್ಲಿ ನೀವೇ ನೋಡಿ ಖಚಿತಪಡಿಸಿಕೊಳ್ಳಿ. ಏಜೆಂಟರ ಬಾಯಿಮಾತನ್ನು ನೆಚ್ಚಬೇಡಿ. ಫಾಸ್ಟ್ಯಾಗ್ ನಿಮ್ಮ ಖಾತೆಗೆ ಸೇರಿರುವುದರಿಂದ ಅದನ್ನು ಬ್ಯಾಂಕಿನಲ್ಲಿ ಮುಚ್ಚಿಸದಿದ್ದರೆ ಶ್ರೀರಂಗಪಟ್ಟಣದ ಬಳಿಯ ಗಣಂಗೂರು ಟೋಲ್ ದಾಟಿದಾಗಲೆಲ್ಲ ನಿಮ್ಮ ಹಣವೇ ಕಡಿತವಾಗುತ್ತದೆ, ಬೆಂಗಳೂರು–ಮೈಸೂರು ಹೆದ್ದಾರಿಯ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದಿ ಹಾಕುವ ದಂಡವೂ ಹೆಸರು ಬದಲಾಗುವತನಕ ನಿಮಗೇ ಬರುತ್ತದೆ. ವಿಮೆಯನ್ನು ಟ್ರಸ್ಟಿನ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಡಿಸಿ. ನಿಮ್ಮ ನೋ ಕ್ಲೇಮ್ ಬೋನಸ್ ಕಾರಿಗಲ್ಲ, ನಿಮಗೆ ಸೇರಿದ್ದು; ಅದಕ್ಕೆ ಪತ್ರ ಪಡೆದುಕೊಂಡರೆ ಹೊಸ ಕಾರಿನ ವಿಮೆಗೆ ಬಳಸಬಹುದು.

ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು 35ನೇ ಫಾರ್ಮ್ ಕೊಟ್ಟು ಮೊದಲು ಎಚ್‌ಪಿ, ಅಂದರೆ ಸಾಲದ ಆ ನಮೂದನ್ನು ತೆಗೆಸಬೇಕು. ತೀರಿಕೊಂಡ ತಂದೆಯವರ ನೆನಪಿಗೆ ಅವರ ಕಾರನ್ನು ಕೊಡಬೇಕೆನ್ನುವವರು ಹಲವರು. ಆ ಕಾರು ಇನ್ನೂ ತಂದೆಯ ಹೆಸರಿನಲ್ಲಿದ್ದರೆ 31ನೇ ಫಾರ್ಮ್ ಮೂಲಕ ವಾರಸುದಾರರ ಹೆಸರಿಗೆ ಬದಲಾಯಿಸಿಕೊಂಡ ಮೇಲಷ್ಟೇ ದಾನದ ಮಾತು, ಅದಕ್ಕೆ ಒಡಹುಟ್ಟಿದವರೆಲ್ಲರ ಒಪ್ಪಿಗೆಯೂ ಬೇಕು.

ಹದಿನೈದು ವರ್ಷ ದಾಟಿದ ಕಾರುಗಳನ್ನು ಸಂಸ್ಥೆಗಳಿಗೆ ಕೊಡಬೇಡಿ ಎಂದೇ ನನ್ನ ಸಲಹೆ. ಅವುಗಳ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದೆ, 20 ವರ್ಷ ದಾಟಿದವಕ್ಕೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಗಿದೆ. ಹಸಿರು ತೆರಿಗೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ರಿಪೇರಿ ಬೇರೆ. ಅಂಥ ಕಾರನ್ನು ಸರ್ಕಾರದ ನೋಂದಣಿಯಿರುವ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಅವರು ಕೊಡುವ ಠೇವಣಿ ಪ್ರಮಾಣಪತ್ರವನ್ನು (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಪಡೆದು, ಆರ್‌ಸಿ ರದ್ದಾದದ್ದನ್ನು ಖಾತ್ರಿ ಮಾಡಿಕೊಂಡು, ಬಂದ ಹಣವನ್ನು ಸಂಸ್ಥೆಗೆ ಕಳುಹಿಸುವುದು ಎಲ್ಲರಿಗೂ ಕ್ಷೇಮ. ಬೀದಿಯ ಗುಜರಿ ಅಂಗಡಿಗೆ ತೂಕದ ಲೆಕ್ಕದಲ್ಲಿ ಕೊಟ್ಟರೆ ಆ ಆರ್‌ಸಿ ಜೀವಂತವಾಗಿಯೇ ಉಳಿದು ಯಾರ ಕೈ ಸೇರುತ್ತದೆಂದು ಹೇಳಲಾಗುವುದಿಲ್ಲ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಸೆಕ್ಷನ್ನುಗಳ ಸಂಖ್ಯೆಗಳು ಬದಲಾಗುತ್ತವೆ, ಆದರೆ 2025–26ರ ಆದಾಯದ ರಿಟರ್ನ್ಸ್ ಹಳೆಯ ಕಾಯ್ದೆಯ ಪ್ರಕಾರವೇ ಇರುತ್ತದೆ. ಕಾರು ಮಾರಿ ಹಣ ಕೊಡುವವರು ಮಾರ್ಚ್ ಕೊನೆಯ ವಾರದವರೆಗೆ ಕಾಯದಿರುವುದು ಒಳ್ಳೆಯದು. ಕೊಳ್ಳುವವರು ಆತುರ ಕಂಡರೆ ಬೆಲೆ ಇಳಿಸುತ್ತಾರೆ, ಇಳಿದ ಬೆಲೆ ನೇರವಾಗಿ ಸಂಸ್ಥೆಯ ಪಾಲಿನ ನಷ್ಟ. ಮಾರ್ಚ್‌ನೊಳಗೆ ಕಾರು ಮಾರಾಟವಾಗದಿದ್ದರೂ ಚಿಂತೆಯಿಲ್ಲ, ಉಳಿತಾಯದ ಹಣವನ್ನು ಮೊದಲು ಕೊಟ್ಟು, ಕಾರನ್ನು ನಿಧಾನವಾಗಿ ಒಳ್ಳೆಯ ಬೆಲೆಗೆ ಮಾರಿ ತುಂಬಿಕೊಳ್ಳಬಹುದು. ಸಂಸ್ಥೆಗೆ ಹಣ ಕಳುಹಿಸಿದ ದಿನವೇ ನಿಮ್ಮ ಹೆಸರು, ವಿಳಾಸ, ಪ್ಯಾನ್ ಸಂಖ್ಯೆಗಳನ್ನು ಬರೆದು ತಿಳಿಸಿ. ಅವರು ಮೇ 31ರೊಳಗೆ 10ಬಿಡಿ ಸಲ್ಲಿಸಿ ನಿಮಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಜೂನ್ ಮೊದಲ ವಾರದಲ್ಲಿಯೂ ಅದು ಬರದಿದ್ದರೆ ಸಂಕೋಚಪಡದೆ ಫೋನ್ ಮಾಡಿ ಕೇಳಿ, ರಿಟರ್ನ್ಸ್ ತುಂಬುವ ಮೊದಲು ಅದು ನಿಮ್ಮ ಕೈಯಲ್ಲಿರಲಿ.